ಹಸಿ ಕಸಕ್ಕೆ ಅಡಿಕೆ ಸಿಪ್ಪೆಯ ಮದ್ದು

ಹೋದ ಮಳೆಗಾಲದಲ್ಲಿ ದಾವಣಗೆರೆಯ ಎಂಸಿಸಿ ಬಿ ಬ್ಲಾಕ್ ಕಡೆಯ ಒಂದು ಅಪಾರ್ಟ್‌ಮೆಂಟಿನಿಂದ ಫೋನ್ ಬಂತು. "ಸರ್, ಹಸಿ ಕಸ ಬೇರೆ ಮಾಡಿ ಗೊಬ್ಬರದ ತೊಟ್ಟಿಗೆ ಹಾಕ್ತಿದೀವಿ. ಈಗ ಕೆಳಗಿನ ಮನೆಯವರು ಕಿಟಕಿ ತೆಗೆಯಂಗಿಲ್ಲ. ತೊಟ್ಟಿ ಮುಚ್ಚಿಸ್ರಿ ಅಂತ ಜಗಳಕ್ಕೇ ಬಂದಾರೆ."

ಹೋಗಿ ನೋಡಿದೆ. ಸಿಮೆಂಟಿನ ತೊಟ್ಟಿ. ಮುಚ್ಚಳ ಎತ್ತಿದರೆ ಕೊಳೆತ ಮೊಟ್ಟೆಯ ವಾಸನೆ. ಪಪ್ಪಾಯಿ ಸಿಪ್ಪೆ, ಮಿಕ್ಕಿದ ಅನ್ನ, ಚಟ್ನಿ, ಸೊಪ್ಪಿನ ಕಡ್ಡಿ ಎಲ್ಲ ಸೇರಿ ರುಬ್ಬಿದ ಹಿಟ್ಟಿನ ಹಾಗೆ ಅಂಟಿಕೊಂಡಿತ್ತು. ತಳದಲ್ಲಿ ಕಪ್ಪು ನೀರು. ಅಲ್ಲಿ ಕೆಲಸ ಮಾಡುವ ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಹೇಳಿದರು, "ದಿನಾ ತಿರುವಿ ಹಾಕ್ತೀನ್ರಿ ಸರ್, ಆದ್ರೂ ಹಿಂಗೇ ಐತಿ." ಅವರದ್ದೇನೂ ತಪ್ಪಿರಲಿಲ್ಲ. ಆ ತೊಟ್ಟಿಗೆ ಒಂದು ಹಿಡಿ ಒಣ ಪದಾರ್ಥವೂ ಬಿದ್ದಿರಲಿಲ್ಲ.

ಗೊಬ್ಬರ ಮಾಡುವುದು ನಾವಲ್ಲ, ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳು. ನಮಗೆ ಬೇಕಾದ ಜೀವಿಗಳಿಗೆ ಉಸಿರಾಡಲು ಗಾಳಿ ಬೇಕು. ತರಕಾರಿ ಸಿಪ್ಪೆಯಲ್ಲಿ ನೂರಕ್ಕೆ 80-90 ಭಾಗ ನೀರೇ ಇರುತ್ತದೆ. ಅದು ಕೊಳೆತು ಕುಸಿದಾಗ ಸಂದುಗಳೆಲ್ಲ ಮುಚ್ಚಿಹೋಗುತ್ತವೆ. ಗಾಳಿ ನಿಂತ ಕೂಡಲೇ ಗಾಳಿ ಬೇಡದ ಜೀವಿಗಳು ಜಾಸ್ತಿಯಾಗಿ, ನಾರುವ ಅನಿಲ ಬಿಡಲು ಶುರು ಮಾಡುತ್ತವೆ. ಊರಾಚೆಯ ಕಸದ ಗುಡ್ಡಗಳ ಒಳಗೆ ನಡೆಯುವುದೂ ಇದೇ. ಅಲ್ಲಿಂದ ಹೊರಡುವ ಮೀಥೇನ್, ನೂರು ವರ್ಷದ ಲೆಕ್ಕದಲ್ಲಿ, ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಜಾಸ್ತಿ ಭೂಮಿಯನ್ನು ಬಿಸಿ ಮಾಡುತ್ತದೆ. ಗುಡ್ಡಕ್ಕೆ ಬೆಂಕಿ ಬಿದ್ದರೆ ಬೇಗ ಆರದಿರುವುದಕ್ಕೂ ಅದೇ ಒಂದು ಕಾರಣ.

ಇನ್ನೊಂದು ಲೆಕ್ಕವಿದೆ. ಈ ಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25-30 ಪಾಲು ಇಂಗಾಲ ಬೇಕು. ಅಡುಗೆಮನೆ ಕಸದಲ್ಲಿ ಅಷ್ಟು ಇಂಗಾಲ ಇರುವುದಿಲ್ಲ. ಒಣ ಎಲೆ, ಸಿಪ್ಪೆ, ಹೊಟ್ಟು, ಮರದ ಪುಡಿ ಆ ಕೊರತೆ ತುಂಬುತ್ತವೆ. ನಮ್ಮ ಅಜ್ಜಂದಿರು ತಿಪ್ಪೆಯಲ್ಲಿ ಸಗಣಿಯ ಜೊತೆ ದನ ತಿಂದು ಬಿಟ್ಟ ಸೊಪ್ಪೆ, ಕಸಕಡ್ಡಿ ಹಾಕುತ್ತಿದ್ದರಲ್ವಾ, ಅದೂ ಇದೇ ಲೆಕ್ಕ.

ನಿಮ್ಮ ತೊಟ್ಟಿಗೆ ಏನಾಗಿದೆ ಅಂತ ಮೂಗೇ ಹೇಳುತ್ತದೆ. ಕೊಳೆತ ಮೊಟ್ಟೆ ಅಥವಾ ಹುಳಿ ವಾಸನೆ ಬಂದರೆ ಗಾಳಿ ಇಲ್ಲ, ನೀರು ಜಾಸ್ತಿ. ಮೂತ್ರದ ಹಾಗೆ ಕಣ್ಣು ಉರಿಸುವ ಘಾಟು ಬಂದರೆ ಅದು ಅಮೋನಿಯ, ಅಂದರೆ ಇಂಗಾಲ ಸಾಲದೆ ಸಾರಜನಕ ಹಾರಿಹೋಗುತ್ತಿದೆ. ಗಿಡಕ್ಕೆ ಸೇರಬೇಕಾದದ್ದು ಗಾಳಿಗೆ ಹೋಗುತ್ತಿದೆ. ಎರಡಕ್ಕೂ ಮದ್ದು ಒಂದೇ, ಒಣ ಪದಾರ್ಥ. ಚೆನ್ನಾಗಿ ಕಳಿಯುತ್ತಿರುವ ಗೊಬ್ಬರದ ವಾಸನೆ ಮೊದಲ ಮಳೆ ಬಿದ್ದ ಹೊಲದ ಮಣ್ಣಿನ ಹಾಗೆ ಇರುತ್ತದೆ.

ಈ ಒಣ ಪದಾರ್ಥ ಎಲ್ಲಿಂದ ತರೋಣ ಅಂತ ಎಲ್ಲರೂ ಕೇಳುತ್ತಾರೆ. ಅಂಗಡಿಯಿಂದ ತೆಂಗಿನ ನಾರಿನ ಪುಡಿಯ ಇಟ್ಟಿಗೆ ತರುತ್ತಾರೆ. ಅದು ಒಳ್ಳೆಯದೇ, ಆದರೆ ದುಡ್ಡು ಕೊಡಬೇಕು, ಮೂರು ತಿಂಗಳಿಗೆ ಬೇಸರ ಬರುತ್ತದೆ. ಅದೇ ಚನ್ನಗಿರಿ ಕಡೆ ಅಡಿಕೆ ಸುಲಿಯುವ ಕಾಲದಲ್ಲಿ ಒಮ್ಮೆ ಹೋಗಿ ಬನ್ನಿ. ರಸ್ತೆಯ ಎರಡೂ ಬದಿ ಸಿಪ್ಪೆಯ ರಾಶಿ. ಎಷ್ಟೋ ಕಡೆ ಅದಕ್ಕೆ ಬೆಂಕಿ ಹಚ್ಚಿರುತ್ತಾರೆ, ಬೈಕಿನಲ್ಲಿ ಹೋಗುವವರಿಗೆ ಮುಂದಿನ ದಾರಿಯೇ ಕಾಣುವುದಿಲ್ಲ. ಇಲ್ಲಿ ನಗರದ ಹಸಿ ಕಸ ಒಣ ಪದಾರ್ಥವಿಲ್ಲದೆ ನಾರುತ್ತಿದೆ, ಅಲ್ಲಿ ಒಣ ಪದಾರ್ಥ ಸುಮ್ನೆ ಸುಟ್ಟು ಹೋಗುತ್ತಿದೆ. ನಡುವೆ ಇರುವುದು ಒಂದು ಟ್ರ್ಯಾಕ್ಟರ್ ಬಾಡಿಗೆ ಅಷ್ಟೇ. ಇದನ್ನು ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಅಡಿಕೆ ಸಿಪ್ಪೆ ಬಳಸುವಾಗ ಒಂದು ವಿಷಯ ನೆನಪಿಡಿ. ಇಲ್ಲಿ ಹೆಚ್ಚಾಗಿ ಹಸಿ ಅಡಿಕೆ ಸುಲಿದು ಬೇಯಿಸುವುದರಿಂದ ಸಿಪ್ಪೆಯೂ ಹಸಿಯಾಗಿಯೇ ಬರುತ್ತದೆ. ಎರಡು ವಾರ ಬಿಸಿಲಿಗೆ ಹರಡಿ, ಗರಿಗರಿ ಎನ್ನುವ ಹಾಗೆ ಒಣಗಿಸಿ. ಮೇವು ಕತ್ತರಿಸುವ ಯಂತ್ರಕ್ಕೆ ಕೊಟ್ಟರೆ ಇನ್ನೂ ಒಳ್ಳೆಯದು. ಅದರ ನಾರು ಬೇಗ ಕರಗುವುದಿಲ್ಲ. ಹಾಗಾಗಿ ರಾಶಿ ಕುಸಿಯದೆ ಒಳಗೆ ಗಾಳಿ ಆಡುತ್ತಲೇ ಇರುತ್ತದೆ. ಗೊಬ್ಬರ ಜರಡಿ ಹಿಡಿದಾಗ ಮೇಲೆ ಉಳಿದ ನಾರನ್ನು ಮುಂದಿನ ಸಲಕ್ಕೆ ಮತ್ತೆ ಹಾಕಿ.

ಭತ್ತದ ಹೊಟ್ಟೂ ಹರಿಹರ, ಮಲೇಬೆನ್ನೂರು ಕಡೆಯ ರೈಸ್ ಮಿಲ್‌ಗಳಲ್ಲಿ ಸಿಗುತ್ತದೆ. ಗಾಳಿಯಾಡಲು ಚೆನ್ನಾಗಿದೆ, ಆದರೆ ಅದರಲ್ಲಿ ಸಿಲಿಕಾ ಜಾಸ್ತಿ, ಕೊಳೆಯುವುದು ಬಹಳ ನಿಧಾನ. ಒಣ ಪದಾರ್ಥದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಹಾಕಬೇಡಿ ಅಂತ ನಾನು ಹೇಳುತ್ತೇನೆ. ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು ಪುಡಿ ಮಾಡಿದರೆ ಮಾತ್ರ ಉಪಯೋಗ. ಚಿತ್ರದುರ್ಗ, ಚಳ್ಳಕೆರೆ ಕಡೆಯವರಿಗೆ ಶೇಂಗಾ ಸಿಪ್ಪೆ ಇದೆ, ಅದು ಬಂಗಾರ. ಮಂಡಕ್ಕಿ ಭಟ್ಟಿಯ ಬೂದಿ ಪುಕ್ಕಟೆ ಸಿಗುತ್ತದೆ ಅಂತ ಕೆಲವರು ತಂದು ಸುರಿಯುತ್ತಾರೆ. ದಯವಿಟ್ಟು ಬೇಡ. ಸುಟ್ಟ ಮೇಲೆ ಅದರಲ್ಲಿ ಇಂಗಾಲ ಎಲ್ಲಿ ಉಳಿಯಿತು? ಬೂದಿ ಕ್ಷಾರ ಬೇರೆ, ಅಮೋನಿಯ ಇನ್ನೂ ಜೋರಾಗಿ ಹಾರಿಹೋಗುತ್ತದೆ.

ಆ ಅಪಾರ್ಟ್‌ಮೆಂಟಿನಲ್ಲಿ ನಾವು ತೊಟ್ಟಿಯಲ್ಲಿದ್ದ ಕಸವನ್ನೆಲ್ಲ ಹೊರಗೆ ಎಳೆದು ಹಾಕಿದೆವು. ತಳದ ನೀರು ಬಸಿದು ಹೋಗುವ ಹಾಗೆ ಒಡೆದ ಇಟ್ಟಿಗೆ ಹಾಸಿದೆವು. ಎಂಟು ಚೀಲ ಒಣ ಸಿಪ್ಪೆ ಬೆರೆಸಿ, ನಾಲ್ಕು ಬುಟ್ಟಿ ಹಳೇ ಸಗಣಿ ಗೊಬ್ಬರ ಸೇರಿಸಿ ಮತ್ತೆ ತುಂಬಿದೆವು. ಹಿಡಿ ತುಂಬ ತೆಗೆದು ಗಟ್ಟಿಯಾಗಿ ಹಿಂಡಿದರೆ ಬೆರಳ ಸಂದಿನಲ್ಲಿ ಒಂದೆರಡು ಹನಿ ಬರಬೇಕು. ಧಾರೆಯಾಗಿ ಇಳಿದರೆ ಇನ್ನೂ ಸಿಪ್ಪೆ ಬೇಕು, ಏನೂ ಬಾರದಿದ್ದರೆ ನೀರು ಚಿಮುಕಿಸಬೇಕು. ಮೂರನೇ ದಿನ ಒಂದು ಕಬ್ಬಿಣದ ಸರಳನ್ನು ನಡುವೆ ಚುಚ್ಚಿ ಹತ್ತು ನಿಮಿಷ ಬಿಟ್ಟೆವು. ಹೊರಗೆ ಎಳೆದಾಗ ಆ ಅಕ್ಕ ತುದಿ ಮುಟ್ಟಿ, "ಯಪ್ಪಾ, ಒಲೆ ಮ್ಯಾಲಿಟ್ಟಂಗೈತಿ!" ಅಂತ ಕೈ ಹಿಂದಕ್ಕೆ ಎಳೆದುಕೊಂಡರು. 55 ಡಿಗ್ರಿ ದಾಟಿ ಕೆಲವು ದಿನ ನಿಂತರೆ ರೋಗಾಣುಗಳೂ ಕಳೆ ಬೀಜಗಳೂ ಬಹುಪಾಲು ಸಾಯುತ್ತವೆ. ಕಿಟಕಿಗಳು ಅದೇ ವಾರ ತೆರೆದವು.

ಈಗ ಅಲ್ಲಿ ಒಂದು ಬಕೆಟ್ ಹಸಿ ಕಸಕ್ಕೆ ಅರ್ಧದಿಂದ ಒಂದು ಬಕೆಟ್ ಸಿಪ್ಪೆ ಹಾಕುತ್ತಾರೆ. ಮಳೆಗಾಲದಲ್ಲಿ ಒಂದು, ಬೇಸಿಗೆಯಲ್ಲಿ ಅರ್ಧ. ದಪ್ಪ ಹುಳು ಕಂಡರೆ ಹೆದರುವುದಿಲ್ಲ, ಮೇಲೆ ಸಿಪ್ಪೆ ಮುಚ್ಚುತ್ತಾರೆ. ಅವೂ ಕಸವನ್ನೇ ತಿನ್ನುವ ಹುಳುಗಳು. ಹೋಟೆಲಿನಿಂದ ಬೆಣ್ಣೆ ದೋಸೆ ಪಾರ್ಸೆಲ್ ತಂದರೆ ಬಾಳೆಎಲೆ ತೊಟ್ಟಿಗೆ, ಚಟ್ನಿ ಕವರ್ ತೊಳೆದು ಒಣ ಕಸಕ್ಕೆ.

ಇದೇ ಸಮಯಕ್ಕೆ ಇನ್ನೊಂದು ಕಡೆ 24 ಗಂಟೆಯಲ್ಲಿ ಗೊಬ್ಬರ ಕೊಡುತ್ತದೆ ಅಂತ ಲಕ್ಷಗಟ್ಟಲೆ ಕೊಟ್ಟು ಯಂತ್ರ ತಂದಿದ್ದರು. ಕಂದು ಬಣ್ಣದ ಪುಡಿ ಬರುತ್ತಿತ್ತು. ನಾನು ಅದನ್ನು ಒಂದು ಡಬ್ಬಿಯಲ್ಲಿ ಒದ್ದೆ ಮಾಡಿ ಎರಡು ದಿನ ಮುಚ್ಚಿಟ್ಟೆ. ತೆಗೆದರೆ ಹಳಸಿದ ಅನ್ನದ ವಾಸನೆ. ಆ ಯಂತ್ರ ಕಸವನ್ನು ಕಾಯಿಸಿ ಒಣಗಿಸಿತ್ತು ಅಷ್ಟೇ. ಅಂಥ ಪುಡಿ ಗಿಡದ ಬುಡಕ್ಕೆ ಹಾಕಿದರೆ ಮಣ್ಣಿನಲ್ಲೇ ಕೊಳೆಯಲು ಶುರುವಾಗಿ ಬೇರು ಸೊರಗುತ್ತದೆ. ನಿಜವಾದ ಗೊಬ್ಬರಕ್ಕೆ 45ರಿಂದ 60 ದಿನ ಬೇಕೇ ಬೇಕು. ಯಂತ್ರ ಕೊಳ್ಳುವ ಮೊದಲು ಈ ಡಬ್ಬಿ ಪರೀಕ್ಷೆ ಮಾಡಿ, ಖರ್ಚಿಲ್ಲ.

2016ರ ಘನತ್ಯಾಜ್ಯ ನಿಯಮದಲ್ಲೇ 5,000 ಚದರ ಮೀಟರ್‌ಗಿಂತ ದೊಡ್ಡ ವಸತಿ ಸಮುಚ್ಚಯಗಳು ಸಾಧ್ಯವಾದಷ್ಟೂ ಹಸಿ ಕಸವನ್ನು ತಮ್ಮ ಆವರಣದಲ್ಲೇ ಗೊಬ್ಬರ ಮಾಡಬೇಕು ಎಂದು ಬರೆದಿತ್ತು. ಅಂಥ ಕಡೆಯವರು ಈಗಲೇ ಸಿಪ್ಪೆ ಕೂಡಿಡಲು ಜಾಗ ನೋಡಿಕೊಳ್ಳಿ. ನಲವತ್ತು ಮನೆಗೆ ಮಳೆಗಾಲ ಕಳೆಯಲು ಒಂದು ಟ್ರ್ಯಾಕ್ಟರ್ ಟ್ರೇಲರ್ ಲೋಡ್ ಒಣ ಸಿಪ್ಪೆಯಿಂದ ಶುರು ಮಾಡಿ. ಮೇಲೆ ತಗಡಿನ ಮಾಡು ಇರಲಿ, ಕೆಳಗೆ ಇಟ್ಟಿಗೆ ಇಟ್ಟು ಹಲಗೆ ಹಾಕಿ. ನೆಲದ ತೇವ ಹೀರಿದ ಸಿಪ್ಪೆ ಜೂನ್ ತಿಂಗಳಿಗೆ ಕೈಗೆ ಬರುವುದಿಲ್ಲ.