ತೇಲುವ ಐಸ್ ಸಮುದ್ರದ ತಳಕ್ಕೆ ಹೇಗೆ ತಾಗುತ್ತದೆ?

ಪ್ರಶ್ನೆ: ಅಂಟಾರ್ಕ್ಟಿಕಾದ ಹಿಮದ ಹಳೇ ಕಥೆ ತಿಳಿಯಲು ಸಮುದ್ರದ ತಳ ಯಾಕೆ ನೋಡುತ್ತಾರೆ? ಐಸ್ ತೇಲುತ್ತದೆ, ತಳದಲ್ಲಿ ಅದರ ಗುರುತು ಹೇಗೆ ಸಿಗುತ್ತದೆ?
– ಓದುಗರೊಬ್ಬರು, ಗೋಣಿಕೊಪ್ಪ

ಉತ್ತರ: ಮಡಿಕೇರಿಯಿಂದ ಕುಟ್ಟದವರೆಗೆ ಎಲ್ಲಿ ಈ ವಿಷಯ ತೆಗೆದರೂ ಇದೇ ಪ್ರಶ್ನೆ. ಮೊದಲ ಭಾಗಕ್ಕೆ ಉತ್ತರ ಚಿಕ್ಕದು. ಹಿಮ ಕೊರೆದರೆ 8 ಲಕ್ಷ ವರ್ಷಗಳ ಹವೆಯ ಲೆಕ್ಕ ಸಿಗುತ್ತದೆ, ನಿಜ. ಆದರೆ ಹಿಮದ ಅಂಚು ಎಲ್ಲಿಯವರೆಗೆ ಬಂದಿತ್ತು ಅಂತ ಅದು ಹೇಳುವುದಿಲ್ಲ. ಆ ಅಂಚು ಕರಗಿಹೋಗಿದೆ. ಅದು ಉಜ್ಜಿದ ನೆಲ ಮಾತ್ರ ನೀರಿನಡಿ ಉಳಿದಿದೆ.

ಇನ್ನು ಆ ತೇಲುವ ಮಾತು. ಎಷ್ಟು ಸಲ ಹೇಳಿದರೂ ಹೋಗಲ್ಲ ಇದು! ಐಸ್ ತೇಲಲು ನೀರು ಅಷ್ಟು ಆಳ ಇರಬೇಕಲ್ವಾ? ಮಳೆಗಾಲದಲ್ಲಿ ಕಾವೇರಿಯಲ್ಲಿ ತೇಲಿ ಬಂದ ಮರದ ದಿಮ್ಮಿ ಬೇಸಿಗೆಯಲ್ಲಿ ದುಬಾರೆ ಹತ್ತಿರ ತಳ ಕಚ್ಚಿ ಕೂತಿರುತ್ತದೆ. ದಿಮ್ಮಿ ಅದೇ, ನೀರು ಕಡಿಮೆ. ಲೆಕ್ಕ ಹಾಕಿ ನೋಡಿ: 500 ಮೀಟರ್ ಆಳದ ಸಮುದ್ರದಲ್ಲಿ ಸುಮಾರು 560 ಮೀಟರಿಗಿಂತ ದಪ್ಪದ ಐಸ್ ತೇಲುವುದಿಲ್ಲ, ಕೂರುತ್ತದೆ. ಅಂಟಾರ್ಕ್ಟಿಕಾದ ಹಿಮದ ಸರಾಸರಿ ದಪ್ಪವೇ 2 ಕಿ.ಮೀ. ಹತ್ತಿರ. ಸುಮಾರು 20,000 ವರ್ಷಗಳ ಹಿಂದೆ ಸಮುದ್ರಮಟ್ಟವೂ 120 ಮೀಟರಿನಷ್ಟು ಕೆಳಗಿತ್ತು. ಆಗ ಹಿಮ ಅನೇಕ ಕಡೆ ತಳ ಉಜ್ಜುತ್ತಲೇ, ಕರಾವಳಿಯಾಚೆ ನೀರಿನಡಿ ಚಾಚಿರುವ ಖಂಡದ ಅಂಚಿನವರೆಗೂ ಹೋಗಿತ್ತು. ಅಷ್ಟೇಕೆ, ಪಶ್ಚಿಮ ಅಂಟಾರ್ಕ್ಟಿಕಾದ ಹಿಮ ಇವತ್ತಿಗೂ ಬಹುಪಾಲು ಸಮುದ್ರಮಟ್ಟಕ್ಕಿಂತ ಕೆಳಗಿನ ನೆಲದ ಮೇಲೆ ಕೂತಿದೆ. ತೇಲುವ ಹಿಮಗಡ್ಡೆಗಳೂ ಸುಮ್ನೆ ಇರಲ್ಲ. ಅವುಗಳ ಬುಡ ತಳವನ್ನು ಸೊಟ್ಟಸೊಟ್ಟ ಕೆರೆದಿರುತ್ತದೆ.

ಈ ಗುರುತುಗಳನ್ನು ಹಡಗಿನಿಂದ ಶಬ್ದ ಬಿಟ್ಟು, ಪ್ರತಿಧ್ವನಿ ಬರುವ ಸಮಯದಿಂದ ಅಳೆಯುತ್ತಾರೆ. ಉದ್ದನೆಯ ನೇರ ಗೀರುಗಳು ಹಿಮ ಹರಿದ ದಿಕ್ಕು ಹೇಳುತ್ತವೆ. ಅಡ್ಡ ದಿಬ್ಬಗಳು ಅಂಚು ನಿಂತಿದ್ದ ಜಾಗ. 2019ರಲ್ಲಿ ಪಶ್ಚಿಮ ಅಂಟಾರ್ಕ್ಟಿಕಾದ ಥ್ವೈಟ್ಸ್ ಹಿಮನದಿಯ ಮುಂದೆ ರೋಬೋಟ್ ಒಂದು ಸುಮಾರು 700 ಮೀಟರ್ ಆಳದಲ್ಲಿ 160ಕ್ಕೂ ಜಾಸ್ತಿ ಪುಟ್ಟ ದಿಣ್ಣೆಗಳನ್ನು ಕಂಡಿತು. ಒಂದು ಮೀಟರೂ ಎತ್ತರವಿಲ್ಲ. ಉಬ್ಬರಕ್ಕೆ ಹಿಮ ಎದ್ದು, ಇಳಿತಕ್ಕೆ ಕೂತಾಗ ಕೆಸರು ಒತ್ತಿ, ದಿನಕ್ಕೊಂದರಂತೆ ಆದವು. ಅವುಗಳ ನಡುವಿನ ಅಂತರ ಅಳೆದರೆ ಹಿಮ ದಿನಕ್ಕೆಷ್ಟು ಹಿಂದೆ ಸರಿಯಿತು ಅಂತ ಸಿಗುತ್ತದೆ. ಆ ಲೆಕ್ಕದಲ್ಲಿ ವೇಗ ವರ್ಷಕ್ಕೆ 2.1 ಕಿ.ಮೀ.ಗೂ ಮೇಲೆ!

ಇಸವಿ ಹೇಗೆ ಗೊತ್ತು ಅಂತ ಮಾತ್ರ ಯಾರೂ ಕೇಳಲ್ಲ. ನಿಜವಾದ ತಲೆನೋವು ಇರುವುದೇ ಅಲ್ಲಿ. ಕೆಸರಿನೊಳಗಿನ ಸೂಕ್ಷ್ಮಜೀವಿಗಳ ಚಿಪ್ಪಿನ ಕಾರ್ಬನ್ನಿಂದ ವಯಸ್ಸು ತೆಗೆಯುತ್ತಾರೆ. ಆದರೆ ಅಲ್ಲಿನ ನೀರಿನ ಕಾರ್ಬನ್ನೇ ಹಳೆಯದು. ನಿನ್ನೆ ಸತ್ತ ಜೀವಿಯ ಚಿಪ್ಪೂ ಸಾವಿರ ವರ್ಷಕ್ಕಿಂತ ಹಳೆಯದು ಅಂತ ತೋರಿಸುತ್ತದೆ. ಅಷ್ಟನ್ನು ಕಳೆದೇ ಲೆಕ್ಕ ಬರೆಯಬೇಕು.