ಮೂತಿ ಸವೆದ ಕಥೆ

ಇಂಗ್ಲೆಂಡಿನ ಚಿತ್ರಕಾರ ವಿಲಿಯಂ ಹೊಗಾರ್ತ್ 1745ರಲ್ಲಿ ತನ್ನದೇ ಚಿತ್ರ ಬರೆದುಕೊಂಡ. ಅದರಲ್ಲಿ ಅವನ ಮುಂದೆ ಒಂದು ನಾಯಿ ಕೂತಿದೆ. ಹೆಸರು ಟ್ರಂಪ್, ಜಾತಿ ಪಗ್. ಈಗಿನ ಪಗ್ ಕಂಡವರಿಗೆ ಇದನ್ನು ಪಗ್ ಅಂತ ಒಪ್ಪುವುದೇ ಕಷ್ಟ. ಇದಕ್ಕೆ ಮೂತಿ ಇದೆ! ಎದ್ದು ಕಾಣುವಂತೆ ಮುಂದಕ್ಕೆ ಚಾಚಿಕೊಂಡಿದೆ. ಈಗಿನ ಪಗ್ ಮುಖವೋ, ಅಂಗೈಯಲ್ಲಿ ಒತ್ತಿ ತಟ್ಟಿದ ಹಾಗೆ ಚಪ್ಪಟೆ. ನಡುವೆ ಮುನ್ನೂರು ವರ್ಷವೂ ಆಗಿಲ್ಲ. ಅಷ್ಟರಲ್ಲಿ ಮೂಗು ಇಷ್ಟು ಒಳಗೆ ಹೋಗಬೇಕಾದರೆ ಯಾರೋ ಕೂತು ಆರಿಸಿರಬೇಕು, ಅಲ್ವಾ?

ಹಿಂದೆ ಹೆಚ್ಚಿನ ನಾಯಿಗಳನ್ನು ಸಾಕುತ್ತಿದ್ದದ್ದು ಕೆಲಸಕ್ಕೆ. ಕುರಿ ಕಾಯುವ ನಾಯಿ ಚೆನ್ನಾಗಿ ಕುರಿ ಕಾದರೆ ಸಾಕಿತ್ತು. ಅದರ ಕಿವಿ ನೆಟ್ಟಗಿದೆಯೋ ಜೋತುಬಿದ್ದಿದೆಯೋ ಯಾರಿಗೆ ಬೇಕಿತ್ತು? 1859ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ನಾಯಿ ಪ್ರದರ್ಶನ ನಡೆಯಿತು. ಬೇಟೆಗೆ ಬಳಸುವ ಪಾಯಿಂಟರ್ ಮತ್ತು ಸೆಟರ್ ಜಾತಿಗಳಿಗೆ ಮಾತ್ರ ಪ್ರವೇಶ. 1873ರಲ್ಲಿ ಲಂಡನ್ನಿನಲ್ಲಿ, ನಾಯಿ ತಳಿಗಳ ದಾಖಲೆ ಇಡುವ ಕೆನಲ್ ಕ್ಲಬ್ ಹುಟ್ಟಿತು. ಯಾವ ತಳಿ ಹೇಗೆ ಕಾಣಬೇಕು ಎಂಬುದು ಕಾಗದದ ಮೇಲೆ ಬಂತು.

ಎಡವಟ್ಟು ಶುರುವಾದದ್ದು ಆ ಕಾಗದದಿಂದಲೇ ಅನ್ನುವುದು ನನ್ನ ಅನಿಸಿಕೆ. ಬುಲ್‌ಡಾಗ್ ನೋಡಿ. ಗೂಳಿಯ ಮೇಲೆ ನಾಯಿ ಬಿಟ್ಟು ಮಜಾ ನೋಡುವ ಆಟ ಬ್ರಿಟನ್ನಿನಲ್ಲಿ 1835ರಲ್ಲಿ ನಿಷೇಧವಾಯಿತು. ಕೆಲಸ ಹೋಯಿತು, ನಾಯಿ ಉಳಿಯಿತು. ಇನ್ನು ಅದನ್ನು ಅಳೆಯಲು ಉಳಿದದ್ದು ರೂಪ ಒಂದೇ. ‘ತಲೆ ದೊಡ್ಡದಿರಬೇಕು’ ಎಂದು ಬರೆದರು ಅಂತಿಟ್ಟುಕೊಳ್ಳಿ. ಎಷ್ಟು ದೊಡ್ಡದು? ತೀರ್ಪುಗಾರನ ಮುಂದೆ ದೊಡ್ಡ ತಲೆಯ ಹತ್ತು ನಾಯಿ ನಿಂತರೆ ಬಹುಮಾನ ಎಲ್ಲಕ್ಕಿಂತ ದೊಡ್ಡ ತಲೆಗೆ. ಗೆದ್ದ ಗಂಡುನಾಯಿಯಿಂದಲೇ ಎಲ್ಲರಿಗೂ ಮರಿ ಬೇಕು. ಮುಂದಿನ ಸಲ ಹತ್ತೂ ನಾಯಿಗಳ ತಲೆ ಇನ್ನಷ್ಟು ದೊಡ್ಡದು. ಸೊಂಟ ಮಾತ್ರ ಕಿರಿದು. 2010ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಸಮೀಕ್ಷೆಯಲ್ಲಿ, ಬುಲ್‌ಡಾಗ್‌ಗಳ ನೂರು ಹೆರಿಗೆಯಲ್ಲಿ ಎಂಬತ್ತಕ್ಕೂ ಹೆಚ್ಚು ಸಿಸೇರಿಯನ್ ಆಗಿದ್ದವು.

ಇಷ್ಟು ಬೇಗ ರೂಪ ಬದಲಾಗಲು ಇನ್ನೊಂದು ಕಾರಣ ಇದೆ. ನಾಯಿಯ ಎತ್ತರ, ಕೂದಲು, ಮೂತಿಯ ಉದ್ದದ ವಿಷಯದಲ್ಲಿ ಕೆಲವೇ ಜೀನ್‌ಗಳ ಕೈ ಬಹಳ ದೊಡ್ಡದು. ಚಪ್ಪಟೆ ಮುಖದಲ್ಲಿ ಎಸ್‌ಎಂಒಸಿ2 ಎಂಬ ಜೀನಿನ ಪಾಲು ಜಾಸ್ತಿ. ಆದರೆ ಮೂಳೆ ಗಿಡ್ಡವಾಯಿತೆಂದು ಒಳಗಿನ ಮಾಂಸ ಅಷ್ಟೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಉದ್ದವಾದ ಮೆತ್ತನೆಯ ಅಂಗುಳು ಗಂಟಲಿಗೆ ಅಡ್ಡ ಬರುತ್ತದೆ. ಮೂಗಿನ ಹೊಳ್ಳೆ ಸೀಳುಗೆರೆಯಷ್ಟೇ ಉಳಿಯುತ್ತದೆ. ನಾಯಿ ಮೈ ತಣ್ಣಗಿಟ್ಟುಕೊಳ್ಳುವುದೇ ಏದುಸಿರು ಬಿಟ್ಟು. ಉಸಿರೇ ಕಟ್ಟಿದರೆ ಬಿಸಿಲಲ್ಲಿ ಅದರ ಗತಿ? ಆ ಗೊರಗೊರ ಸದ್ದು ಕೇಳಿ ನಾವು ‘ಎಷ್ಟು ಮುದ್ದು’ ಅಂತ ವಿಡಿಯೊ ಮಾಡುತ್ತೇವೆ.

ಆ ಮುದ್ದಿಗೂ ವಿವರಣೆ ಇದೆ. ದುಂಡು ಮುಖ, ಅಗಲ ಹಣೆ, ದೊಡ್ಡ ಕಣ್ಣು ಕಂಡರೆ ಮನುಷ್ಯರಿಗೆ ಕೂಸು ಕಂಡಂತಾಗಿ ಎತ್ತಿಕೊಳ್ಳೋಣ ಅನಿಸುತ್ತದೆ ಎಂದು ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡಿದ ವಿಜ್ಞಾನಿ ಕೊನ್ರಾಡ್ ಲೊರೆಂಜ್ 1943ರಲ್ಲೇ ಬರೆದಿದ್ದರು. ಅಮೆರಿಕನ್ ಕೆನಲ್ ಕ್ಲಬ್ಬಿನ ಜನಪ್ರಿಯ ತಳಿಗಳ ಪಟ್ಟಿಯಲ್ಲಿ 31 ವರ್ಷ ಮೊದಲ ಸ್ಥಾನದಲ್ಲಿದ್ದ ಲ್ಯಾಬ್ರಡಾರನ್ನು 2022ರಲ್ಲಿ ಕೆಳಗಿಳಿಸಿದ್ದು ಇಂಥದೇ ಮುಖದ ಫ್ರೆಂಚ್ ಬುಲ್‌ಡಾಗ್.

ಮೈತುಂಬ ಚುಕ್ಕೆಯ ಡಾಲ್ಮೇಷಿಯನ್ ನಾಯಿಯ ಕಥೆ ಇನ್ನೂ ವಿಚಿತ್ರ. ಇವುಗಳ ಮೂತ್ರದಲ್ಲಿ ಯೂರಿಕ್ ಆಮ್ಲ ಜಾಸ್ತಿ, ಅದರಿಂದ ಕಲ್ಲು ಕಟ್ಟುತ್ತದೆ. ಎದ್ದು ಕಾಣುವ ಚುಕ್ಕೆಗಾಗಿ ಆರಿಸುತ್ತಾ ಹೋದಾಗ ಈ ದೋಷವೂ ಜೊತೆಗೇ ಬಂದು ಇಡೀ ತಳಿಯಲ್ಲಿ ನೆಲೆಯಾಗಿರಬೇಕು ಎಂಬ ಅನುಮಾನ ವಿಜ್ಞಾನಿಗಳಿಗಿದೆ. ರಾಬರ್ಟ್ ಶೈಬಲ್ ಎಂಬ ಅಮೆರಿಕದ ತಳಿವಿಜ್ಞಾನಿ 1973ರಲ್ಲಿ ಒಂದೇ ಒಂದು ಸಲ ಪಾಯಿಂಟರ್ ಜೊತೆ ಕೂಡಿಸಿ ಸರಿಯಾದ ಜೀನನ್ನು ತಂದರು. ಆಮೇಲೆ ತಲೆಮಾರುಗಟ್ಟಲೆ ಡಾಲ್ಮೇಷಿಯನ್ ಜೊತೆಗೇ ಕೂಡಿಸಿದರು. 1981ರಲ್ಲಿ ಅಂಥ ಎರಡು ನಾಯಿಗಳಿಗೆ ಅಮೆರಿಕನ್ ಕೆನಲ್ ಕ್ಲಬ್ಬಿನ ನೋಂದಣಿಯೂ ಸಿಕ್ಕಿತು. ರಕ್ತ ಕಲಬೆರಕೆಯಾಯಿತು ಎಂದು ತಳಿಯ ಕ್ಲಬ್ಬಿನವರು ತಕರಾರು ತೆಗೆದರು, ನೋಂದಣಿ ನಿಂತಿತು. ಕಲ್ಲು ಕಟ್ಟದ ಆ ನಾಯಿಗಳಿಗೆ ಮತ್ತೆ ಬಾಗಿಲು ತೆರೆದದ್ದು 2011ರಲ್ಲಿ.