ಓದುಗರ ಪ್ರಶ್ನೆ: ನೆಟ್ಟಗೆ ನಿಂತ ಹಲಗೆಯ ಚರ್ಚ್‌ಗಳಿಗೂ ರಿಚರ್ಡ್ ಅಪ್‌ಜಾನ್‌ಗೂ ಏನು ಸಂಬಂಧ?

ಪ್ರಶ್ನೆ: ಅಮೆರಿಕದ ಸಣ್ಣ ಊರುಗಳ ಹಳೆಯ ಮರದ ಚರ್ಚ್‌ಗಳಲ್ಲಿ ಹಲಗೆಗಳನ್ನು ಅಡ್ಡ ಹೊಡೆಯದೆ ನೆಟ್ಟಗೆ ನಿಲ್ಲಿಸಿ, ಸಂದಿಯ ಮೇಲೆ ರೀಪು ಹೊಡೆದಿರುತ್ತಾರೆ. ಇದು ನ್ಯೂಯಾರ್ಕ್‌ನ ಟ್ರಿನಿಟಿ ಚರ್ಚ್ ಕಟ್ಟಿದ ವಾಸ್ತುಶಿಲ್ಪಿ ಅಪ್‌ಜಾನ್ ತಂದ ಪದ್ಧತಿಯೇ?

ಉತ್ತರ: ಹಲಗೆ-ರೀಪಿನ ಕೆಲಸವನ್ನು ಅವರೇ ಕಂಡುಹಿಡಿದರು ಎನ್ನಲಾಗದು. ಆದರೆ ಅದನ್ನು ಬಡ ಭಕ್ತಸಮೂಹಗಳ ಕೈಗೆಟುಕುವ ಚರ್ಚ್ ಆಗಿ ರೂಪಿಸಿ ಊರೂರಿಗೆ ಮುಟ್ಟಿಸಿದವರಲ್ಲಿ ಅಪ್‌ಜಾನ್ ಮುಖ್ಯರು.

1802ರಲ್ಲಿ ಇಂಗ್ಲೆಂಡಿನ ಶಾಫ್ಟ್ಸ್‌ಬರಿಯಲ್ಲಿ ಹುಟ್ಟಿದ ಅವರು ಪೀಠೋಪಕರಣ ಮಾಡುವ ಬಡಗಿ. ಸಾಲಕ್ಕೆ ಸಿಕ್ಕಿ 1829ರಲ್ಲಿ ಸಂಸಾರಸಮೇತ ಅಮೆರಿಕಕ್ಕೆ ಹೋದರು. ಮ್ಯಾಸಚೂಸೆಟ್ಸ್‌ನ ನ್ಯೂ ಬೆಡ್‌ಫರ್ಡ್‌ನಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿ, ಆಮೇಲೆ ಬಾಸ್ಟನ್ ಸೇರಿದರು. 1839ರಲ್ಲಿ ಟ್ರಿನಿಟಿ ಚರ್ಚ್‌ನವರು ಕರೆದದ್ದು ದುರಸ್ತಿಗೆ. ಹಿಮದ ಭಾರಕ್ಕೆ ಹಳೆಯ ಕಟ್ಟಡ ಸೋತುಹೋಗಿದ್ದರಿಂದ ಹೊಸದನ್ನೇ ಕಟ್ಟಬೇಕಾಯಿತು. 281 ಅಡಿ ಎತ್ತರದ ಶಿಖರದ ಆ ಚರ್ಚ್ 1846ರಲ್ಲಿ ಪ್ರತಿಷ್ಠೆಯಾಯಿತು. ಹೊರಗೆಲ್ಲ ಕಂದು ಮರಳುಗಲ್ಲು, ಒಳಗಿನ ಕಮಾನು ಛಾವಣಿ ಮಾತ್ರ ಕಲ್ಲಿನಂತೆ ಕಾಣುವ ಗಾರೆ. ಅವರ ಮರದ ಚರ್ಚ್‌ಗಳಲ್ಲಿ ಇಂಥ ವೇಷವಿಲ್ಲ, ಮರ ಮರವಾಗಿಯೇ ಕಾಣುತ್ತದೆ. ನಮಗೆ ಅವೇ ಹೆಚ್ಚು ಇಷ್ಟ.

ಅಂಥ ಚರ್ಚ್‌ನ ನಕ್ಷೆ ಮತ್ತು ಕೆಲಸದ ವಿವರಗಳನ್ನು ಅವರು 1852ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದರು. ವಾಸ್ತುಶಿಲ್ಪಿಯನ್ನು ಕರೆಸಲು ಹಣವಿಲ್ಲದ ಊರಿನಲ್ಲೂ ಸ್ಥಳೀಯ ಬಡಗಿ ಅದನ್ನು ನೋಡಿ ಕಟ್ಟಬಹುದಿತ್ತು. ಮಧ್ಯಯುಗದ ಯುರೋಪಿನ ಚರ್ಚ್‌ಗಳ ಗಾತಿಕ್ ಶೈಲಿಯ ಮೇಲ್ಮುಖ ನೋಟಕ್ಕೆ ಕಲ್ಲುಕೆತ್ತನೆ ಬೇಕಿರಲಿಲ್ಲ: ಕಡಿದಾದ ಮಾಡು, ಚೂಪು ಕಿಟಕಿ, ನೆಟ್ಟನೆಯ ರೀಪುಗಳ ನೆರಳುಗೆರೆ ಸಾಕು.

ಕೆಲಸ ಸುಲಭವಾಗಿ ಕಂಡರೂ ಕೆಡುವುದು ಮೊಳೆಯಲ್ಲಿ. ಮರ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದಿಲ್ಲ, ಅಗಲಕ್ಕೆ ಕುಗ್ಗುತ್ತದೆ. ಸರಿಯಾಗಿ ಒಣಗದ 10 ಇಂಚಿನ ಪೈನ್ ಹಲಗೆ ಕಾಲು ಇಂಚು ಕಿರಿದಾದರೂ ಆಶ್ಚರ್ಯವಿಲ್ಲ. ಆದ್ದರಿಂದ ಹಲಗೆಗಳ ನಡುವೆ ಸಂದಿ ಬಿಡಬೇಕು. ಅಗಲ ಹಲಗೆಗೆ ನಡುಭಾಗದಲ್ಲಷ್ಟೇ ಮೊಳೆ. ರೀಪಿನ ಮೊಳೆ ಹಲಗೆಗೆ ತಾಗದೆ ಸಂದಿಯೊಳಗಿಂದ ಹಾದು ಹಿಂದಿನ ಅಡ್ಡಪಟ್ಟಿಗೆ ಇಳಿಯಬೇಕು. ಗೋಡೆಯ ಕಂಬಗಳೂ ನೆಟ್ಟಗೇ ಇರುವುದರಿಂದ ಅವುಗಳ ನಡುವೆ ಈ ಅಡ್ಡಪಟ್ಟಿಗಳನ್ನು ಕೂರಿಸದಿದ್ದರೆ ಮೊಳೆಗೆ ಹಿಡಿತವೇ ಸಿಗದು.

ರೀಪಿನ ಎರಡೂ ಅಂಚಿಗೆ ಮೊಳೆ ಹೊಡೆದು ಅಕ್ಕಪಕ್ಕದ ಹಲಗೆಗಳನ್ನು ಒಟ್ಟಿಗೆ ಬಿಗಿದರೆ ಮರ ಒಣಗಿ ಕುಗ್ಗಿದಾಗ ಹಲಗೆ ಸೀಳುತ್ತದೆ, ಇಲ್ಲವೇ ರೀಪೇ ಬಿರಿಯುತ್ತದೆ. ಹಳೆಯ ಚರ್ಚ್‌ಗಳ ದುರಸ್ತಿಯಲ್ಲಿ ಗಟ್ಟಿಯಾಗಲಿ ಎಂದು ಮಾಡುವ ತಪ್ಪು ಇದೇ. ಇನ್ನೊಂದು ಅಪಾಯ ಹಲಗೆಯ ಕೆಳತುದಿ: ಕೊಯ್ದ ತುದಿ ನೀರನ್ನು ಬೇಗ ಹೀರುತ್ತದೆ. ತುದಿಯನ್ನು ಹೊರಗಡೆ ನೀರು ತೊಟ್ಟಿಕ್ಕುವಂತೆ ಓರೆಯಾಗಿ ಕೊಯ್ದು, ಅಲ್ಲಿಗೂ ಬಣ್ಣ ಹಚ್ಚಿ, ನೆಲದಿಂದ 8 ಇಂಚಾದರೂ ಮೇಲಿರಿಸಬೇಕು. ಗೋಡೆ ನೋಡಲು ಹೋದವರು ಮೊದಲು ಬಗ್ಗಿ ಆ ಅಂಚನ್ನು ಒತ್ತಿ ನೋಡಿ. ಬೆರಳು ಇಳಿದರೆ ಒಳಗೆ ಕೊಳೆತಿದೆ.